ಡಾಲರ್ ಚೆಕ್ ಕೈಗೆ ಬಂತು, ರೊಕ್ಕ ಕೈಗೆ ಬಂತೇ?

"ಏ ತಂಗಿ, ನನ್ ತಮ್ಮ ಅಮೆರಿಕಾದಿಂದ ಚೆಕ್ ಕಳಿಸ್ಯಾನ ನೋಡು. ಏಳ್ನೂರು ಡಾಲರ್! ನಾಳಿಗಿ ಬ್ಯಾಂಕಿಗಿ ಹೋಗಿ ರೊಕ್ಕ ತರ್ತೀನಿ, ನಾಡದ ಹುಡುಗಿ ಫೀಸ್ ಕಟ್ಟಿಬಿಡ್ತೀನಿ."

ಜುಲೈ ತಿಂಗಳ ಮೂರನೇ ವಾರ ಭಾಲ್ಕಿಯಿಂದ ನಮ್ಮ ವೈನಿ ಫೋನ್ ಮಾಡಿ ಹೀಗೆ ಹೇಳಿದಾಗ ಅವರ ದನಿಯಲ್ಲಿ ಹಬ್ಬದ ಸಂಭ್ರಮವಿತ್ತು. ಮಗಳ ಇಂಜಿನಿಯರಿಂಗ್ ಫೀಸಿಗೆ ಆಗಸ್ಟ್ 10 ಕೊನೆಯ ದಿನ. ಊರಿಗೆ ಬಂದ ಪರಿಚಯದವರ ಕೈಲಿ ತಮ್ಮ ಲಕೋಟೆ ಕೊಟ್ಟು ಕಳಿಸಿದ್ದ. ಒಳಗೆ ಎರಡು ಸಾಲಿನ ಪತ್ರ, ಜೊತೆಗೊಂದು ಚೆಕ್.

ಮರುದಿನ ಸಂಜೆ ಮತ್ತೆ ಫೋನ್. ಈ ಸಲ ದನಿ ಇಳಿದಿತ್ತು. ಅವರ ಖಾತೆ ಇರುವ ಬ್ಯಾಂಕಿನ ಕೌಂಟರಿನಲ್ಲಿ ಚೆಕ್ಕನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಇದು ಆಗಸ್ಟ್ 7ರ ಚೆಕ್ಕು, ಆಮೇಲೆ ಬನ್ನಿ. ಮತ್ತೆ ಇದನ್ನು ನಾವಿಲ್ಲಿ ತಗೊಳ್ಳೋದೂ ಇಲ್ಲ, ಬೀದರಿಗೆ ಹೋಗಿ ಕೇಳಿ" ಅಂದರಂತೆ. ವೈನಿ ಬೆಳಗಿನ ರೈಲು ಹತ್ತಿ ಬೀದರಿಗೆ ಬಂದರು. ಇಬ್ಬರೂ ಕೂಡಿ ಆ ಬ್ಯಾಂಕಿನ ದೊಡ್ಡ ಶಾಖೆಗೆ ಹೋದೆವು. ಅಲ್ಲಿನ ಅಧಿಕಾರಿ ಸಮಾಧಾನದವರು. ಕೂರಿಸಿ ಹೇಳಿದರು: "ಅಕ್ಕೋರೆ, ತಾರೀಖು ಸರಿಯಾಗೇ ಇದೆ, ಅಮೆರಿಕದವರು ತಿಂಗಳು ಮೊದಲು ಬರೀತಾರೆ, ಇದು ಜುಲೈ 8. ಆದರೆ ಹೆಸರು ನಿಮ್ಮ ಪಾಸ್‌ಬುಕ್ಕಿನಲ್ಲಿ ಇರೋ ಹಾಗಿಲ್ಲ. ಹೆಸರು ಸರಿ ಇದ್ದರೂ ರೊಕ್ಕ ಬರೋಕೆ ಆರರಿಂದ ಎಂಟು ವಾರ ಬೇಕು."

ತಮ್ಮ ಪ್ರೀತಿಯಿಂದ ಅಕ್ಕನ ತವರಿನ ಹೆಸರನ್ನೇ ಬರೆದುಬಿಟ್ಟಿದ್ದ. ಪಾಸ್‌ಬುಕ್, ಆಧಾರ್, ಪ್ಯಾನ್ ಎಲ್ಲದರಲ್ಲೂ ಇದ್ದದ್ದು ಗಂಡನ ಮನೆಯ ಅಡ್ಡಹೆಸರು. ವೈನಿ ಮುಖ ಸಪ್ಪಗಾಯಿತು. "ಹಂಗಾದ್ರ ಇದು ರೊಕ್ಕ ಅಲ್ಲೇನ್ರಿ?" ಅಂತ ಕೇಳಿದರು.

ಈ ಲೇಖನ ಬರೆಯಲು ಕಾರಣವೇ ಆ ಒಂದು ಪ್ರಶ್ನೆ. ಇವತ್ತು ಬೀದರ್, ಭಾಲ್ಕಿ, ಔರಾದಿನ ಎಷ್ಟೋ ಮನೆಗಳ ಮಕ್ಕಳು, ತಮ್ಮಂದಿರು, ಅಳಿಯಂದಿರು ಹೊರದೇಶದಲ್ಲಿದ್ದಾರೆ. ಅಲ್ಲಿಂದ ಬರುವ ಚೆಕ್ಕನ್ನು ಹೇಗೆ ನೋಡಬೇಕು, ಎಲ್ಲಿಗೆ ಒಯ್ಯಬೇಕು, ಎಲ್ಲಿ ಮೋಸ ಹೋಗಬಾರದು ಎಂದು ತಿಳಿದಿದ್ದರೆ ಕೊನೇ ಗಳಿಗೆಯಲ್ಲಿ ಪರದಾಡುವುದು ತಪ್ಪುತ್ತದೆ.

ಅಜ್ಜಿ ಕಾಲದಲ್ಲೂ ಇತ್ತು ಈ ಲೆಕ್ಕ

ಎರಡು ನಾಣ್ಯದ ಲೆಕ್ಕ ನಮ್ಮ ಭಾಗಕ್ಕೆ ಹೊಸದೇನಲ್ಲ. ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಇಲ್ಲಿ ಓಡುತ್ತಿದ್ದುದು ಉಸ್ಮಾನಿಯಾ ಸಿಕ್ಕಾ, ಜನರ ಬಾಯಲ್ಲಿ ಹಾಲಿ ಸಿಕ್ಕಾ. ಬ್ರಿಟಿಷರ ರೂಪಾಯಿಗೆ ಕಲ್ದಾರ್ ಅಂತ ಹೆಸರು. ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಕಲ್ದಾರ್ ಸಿಗುತ್ತಿತ್ತು. ಈ ಸಿಕ್ಕಾದ ವ್ಯವಹಾರ ನೋಡಿಕೊಳ್ಳಲೆಂದೇ 1941ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಹುಟ್ಟಿತು. ಹಾಲಿ ಸಿಕ್ಕಾ ಪೂರ್ತಿ ಚಲಾವಣೆಯಿಂದ ಹೋದದ್ದು 1959ರಲ್ಲಿ. ಅಂದರೆ ಬೇರೆ ನಾಣ್ಯ ಬಂದರೆ ಮೊದಲು ಬಟವಡೆ ಆಗಬೇಕು, ಬಟವಡೆಯಲ್ಲಿ ಒಂದಿಷ್ಟು ಕಡಿಮೆಯಾಗುತ್ತದೆ ಎಂಬುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಮಾತೇ.

ಆದರೆ ನಾಣ್ಯಕ್ಕೂ ಚೆಕ್ಕಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ನಾಣ್ಯ ಕೈಗೆ ಬಂದರೆ ಅದು ರೊಕ್ಕವೇ. ಚೆಕ್ ಬರೀ ಮಾತು. ಬರೆದವರ ಬ್ಯಾಂಕು ಆ ಮಾತನ್ನು ನಡೆಸಿಕೊಟ್ಟ ಮೇಲೆ ಮಾತ್ರ ಅದು ರೊಕ್ಕವಾಗುತ್ತದೆ.

ಯಾಕೆ ಇಷ್ಟು ದಿನ?

ನಮ್ಮ ದೇಶದೊಳಗಿನ ಚೆಕ್ಕಾದರೆ ಕಾಗದ ಎಲ್ಲೂ ಓಡಾಡುವುದಿಲ್ಲ, ಅದರ ಚಿತ್ರ ಮಾತ್ರ ಕಂಪ್ಯೂಟರಿನಲ್ಲಿ ಹೋಗುತ್ತದೆ. 2025ರ ಅಕ್ಟೋಬರ್ 4ರಿಂದ ಬಂದ ಹೊಸ ವ್ಯವಸ್ಥೆಯಲ್ಲಿ ಬೆಳಿಗ್ಗೆಯಿಂದಲೇ ಒಂದರ ಹಿಂದೊಂದು ಚೆಕ್ ಕ್ಲಿಯರ್ ಆಗುತ್ತಾ ಹೋಗುತ್ತದೆ. ಡಾಲರ್, ಪೌಂಡ್, ಯೂರೋ ಚೆಕ್ಕುಗಳು ಈ ವ್ಯವಸ್ಥೆಗೆ ಸೇರುವುದಿಲ್ಲ.

ವೈನಿಯ ಚೆಕ್ಕಿನ ಪ್ರಯಾಣವನ್ನೇ ನೋಡಿ. ಬೀದರಿನ ಶಾಖೆಯಿಂದ ಅದು ದೊಡ್ಡ ಊರಿನಲ್ಲಿರುವ ಆ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗಕ್ಕೆ ಹೋಗಬೇಕು. ಅಲ್ಲಿಂದ ಕೊರಿಯರಿನಲ್ಲಿ ಅಮೆರಿಕದ ಒಂದು ಬ್ಯಾಂಕಿಗೆ. ಆ ಬ್ಯಾಂಕು ತಮ್ಮನ ಖಾತೆ ಇರುವ ಬ್ಯಾಂಕಿಗೆ ಕೇಳಬೇಕು. ಖಾತೆಯಲ್ಲಿ ದುಡ್ಡಿದ್ದು, ಸಹಿ ಸರಿ ಇದ್ದು, ಎಲ್ಲ ಪಾಸಾದ ಮೇಲೆ ಡಾಲರು ಇತ್ತ ಬರಬೇಕು. ಆಮೇಲೆ ಅವತ್ತಿನ ದರದಲ್ಲಿ ರೂಪಾಯಿಯಾಗಿ ಖಾತೆಗೆ ಸೇರಬೇಕು. ಹೆಪ್ಪು ಹಾಕಿದ ಹಾಲನ್ನು ಗಳಿಗೆಗೊಮ್ಮೆ ಅಲುಗಾಡಿಸಿದರೆ ಮೊಸರು ಬೇಗ ಆಗುತ್ತದೆಯೇ? ಇದೂ ಹಾಗೇ. ಕಾಯಲೇಬೇಕು.

ಇಷ್ಟೆಲ್ಲ ತಾಪತ್ರಯ ಯಾಕೆ ಎಂದು ಹಲವು ಬ್ಯಾಂಕುಗಳು ವಿದೇಶಿ ಚೆಕ್ ತೆಗೆದುಕೊಳ್ಳುವುದನ್ನೇ ಬಿಟ್ಟಿವೆ ಅಥವಾ ಬಹಳ ಕಡಿಮೆ ಮಾಡಿವೆ. ಆದ್ದರಿಂದ "ಪಕ್ಕದ ಮನೆಯವರದು ಹೋದ ಸಲ ಆಗಿತ್ತು, ನಮ್ಮದೂ ಆಗುತ್ತದೆ" ಎಂದುಕೊಳ್ಳಬೇಡಿ. ಮೊದಲು ಕೇಳಿ.

ಚೆಕ್ ಬಂದ ದಿನವೇ ಇಷ್ಟು ನೋಡಿ

ಸಕ್ಕರೆ ಡಬ್ಬಿಯ ಹಿಂದೆ, ದೇವರ ಫೋಟೋದ ಕೆಳಗೆ ಚೆಕ್ ಇಟ್ಟು ಮರೆಯುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ವಿದೇಶಿ ಚೆಕ್ಕಿನ ವಿಷಯದಲ್ಲಿ ಅದು ಆಗದು.

* ತಾರೀಖು: ಅಮೆರಿಕದ ಚೆಕ್ಕಿನಲ್ಲಿ ಮೊದಲು ತಿಂಗಳು, ಆಮೇಲೆ ದಿನ. 04/05 ಅಂದರೆ ಏಪ್ರಿಲ್ 5, ಮೇ 4 ಅಲ್ಲ. ಬ್ರಿಟನ್ನಿನವರು ನಮ್ಮ ಹಾಗೆ ದಿನ ಮೊದಲು ಬರೆಯುತ್ತಾರೆ.

* ಅವಧಿ: ನಮ್ಮ ದೇಶದ ಚೆಕ್ಕಿಗೆ 2012ರ ಏಪ್ರಿಲ್ 1ರಿಂದ ಮೂರೇ ತಿಂಗಳ ಆಯುಷ್ಯ. ಅಮೆರಿಕದ ಖಾಸಗಿ ಚೆಕ್ಕಾದರೆ ಸಾಮಾನ್ಯವಾಗಿ ಆರು ತಿಂಗಳು. ಅದು ದಾಟಿದರೆ ಹಣ ಕೊಡಲೇಬೇಕೆಂಬ ಕಟ್ಟುಪಾಡು ಅಲ್ಲಿನ ಬ್ಯಾಂಕಿಗಿಲ್ಲ. ಕೆಲವು ಚೆಕ್ಕಿನ ಮೇಲೆ 90 ದಿನ ಎಂದೇ ಅಚ್ಚಾಗಿರುತ್ತದೆ. ಅಮೆರಿಕ ಸರ್ಕಾರದ ಖಜಾನೆ ಚೆಕ್ಕಿಗೆ ಒಂದು ವರ್ಷ. ಕೊರಿಯರಿನಲ್ಲೇ ವಾರಗಟ್ಟಲೆ ಕಳೆಯುವುದರಿಂದ ಕೊನೆ ತಿಂಗಳವರೆಗೆ ಕಾಯಬೇಡಿ.

* ಹೆಸರು: ನಿಮ್ಮ ಪಾಸ್‌ಬುಕ್ಕಿನಲ್ಲಿ ಇರುವ ಹಾಗೇ ಇರಬೇಕು. ತವರಿನ ಹೆಸರು, ಮನೆಯಲ್ಲಿ ಕರೆಯುವ ಹೆಸರು, ಮುಂದಿನದು ಹಿಂದಾದ ಅಡ್ಡಹೆಸರು, ಇವೆಲ್ಲ ತಕರಾರಿಗೆ ದಾರಿ.

* ಅಂಕಿ ಮತ್ತು ಅಕ್ಷರ: ಎರಡರಲ್ಲೂ ಒಂದೇ ಮೊತ್ತ ಇದೆಯೇ? ತಿದ್ದಿದ ಗುರುತು ಏನಾದರೂ ಇದೆಯೇ?

* ಯಾವ ನಾಣ್ಯ, ಯಾವ ದೇಶದ ಬ್ಯಾಂಕು: ಡಾಲರ್ ಎಂದ ಮಾತ್ರಕ್ಕೆ ಅಮೆರಿಕದ್ದೇ ಆಗಬೇಕಿಲ್ಲ. ಕೆನಡಾ, ಆಸ್ಟ್ರೇಲಿಯಾ, ಸಿಂಗಪುರದಲ್ಲೂ ಡಾಲರೇ. ಬೆಲೆ ಬೇರೆ ಬೇರೆ.

ಗಲ್ಫಿನ ಎಕ್ಸ್‌ಚೇಂಜ್ ಅಂಗಡಿಯಿಂದ ಬರುತ್ತಿದ್ದ ಡ್ರಾಫ್ಟುಗಳು ಎಷ್ಟೋ ಮನೆಯವರಿಗೆ ನೆನಪಿರಬಹುದು. ಅವು ರೂಪಾಯಿಯಲ್ಲೇ ಇದ್ದು ಭಾರತದ ಬ್ಯಾಂಕಿನ ಮೇಲೇ ಬರೆದಿರುತ್ತಿದ್ದವು, ಹಾಗಾಗಿ ಇಲ್ಲೇ ಕ್ಲಿಯರ್ ಆಗುತ್ತಿದ್ದವು. ಆ ಡ್ರಾಫ್ಟಿನ ಅನುಭವ ಡಾಲರ್ ಚೆಕ್ಕಿಗೆ ಹೊಂದುವುದಿಲ್ಲ.

ಯಾವ ಬ್ಯಾಂಕು? ಏನು ಒಯ್ಯಬೇಕು?

ಎಲ್ಲ ಶಾಖೆಗಳಿಗೂ ವಿದೇಶಿ ವಿನಿಮಯದ ವ್ಯವಹಾರ ಮಾಡುವ ಅಧಿಕಾರ ಇರುವುದಿಲ್ಲ. ಔರಾದಿನಲ್ಲೋ ಭಾಲ್ಕಿಯಲ್ಲೋ ಖಾತೆ ಇದ್ದರೆ ಮೊದಲು ಅಲ್ಲೇ ಕೇಳಿ, "ನೀವು ಇದನ್ನು ನಿಮ್ಮ ವಿದೇಶಿ ವಿನಿಮಯ ಶಾಖೆಗೆ ಕಳಿಸಿಕೊಡುತ್ತೀರಾ, ಇಲ್ಲ ನಾನೇ ಬೀದರಿಗೆ ಹೋಗಬೇಕಾ?" ಅಂತ. ಎಷ್ಟೋ ಸಲ ಆ ಶಾಖೆಯವರೇ ಕಳಿಸಿಕೊಡಬಲ್ಲರು. ಸುಮ್ಮನೆ ಬಸ್ಸಿಗೆ ದುಡ್ಡು ಹಾಕಿ ಓಡಾಡುವ ಮೊದಲು ಒಂದು ಫೋನ್ ಮಾಡುವುದು ಒಳ್ಳೆಯದು. ಸ್ವಸಹಾಯ ಸಂಘದ ದೆಸೆಯಿಂದ ನಮ್ಮ ಜಿಲ್ಲೆಯ ಬಹಳ ಹೆಣ್ಣುಮಕ್ಕಳ ಖಾತೆ ಸಹಕಾರಿ ಬ್ಯಾಂಕಿನಲ್ಲಿದೆ. ಆದರೆ ಸಹಕಾರಿ ಬ್ಯಾಂಕು, ಪತ್ತಿನ ಸಂಘಗಳಲ್ಲಿ ಇಂಥ ಚೆಕ್ ಸಾಮಾನ್ಯವಾಗಿ ನಡೆಯುವುದಿಲ್ಲ. ದೊಡ್ಡ ವಾಣಿಜ್ಯ ಬ್ಯಾಂಕಿನ ಖಾತೆ ಬೇಕು.

ಹೋಗುವಾಗ ಪಾಸ್‌ಬುಕ್, ಆಧಾರ್, ಪ್ಯಾನ್ ಮತ್ತು ಚೆಕ್ ಜೊತೆ ಬಂದ ಪತ್ರ ಒಯ್ಯಿರಿ. ಕಳಿಸಿದವರು ಯಾರು, ನಿಮಗೆ ಏನಾಗಬೇಕು, ಯಾತಕ್ಕೆ ಕಳಿಸಿದ್ದಾರೆ ಎಂದು ಅರ್ಜಿಯಲ್ಲಿ ಬರೆಯಬೇಕಾಗುತ್ತದೆ. ಚೆಕ್ಕಿನ ಹಿಂದೆ ಸಹಿ ಎಲ್ಲಿ ಹಾಕಬೇಕೆಂದು ಬ್ಯಾಂಕಿನವರನ್ನು ಕೇಳಿಯೇ ಹಾಕಿ. ಕೊಡುವ ಮೊದಲು ಎರಡೂ ಕಡೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಕೊಟ್ಟ ಮೇಲೆ ಸೀಲು ಹಾಕಿದ ರಸೀದಿ ತಪ್ಪದೆ ಪಡೆಯಿರಿ. ಡ್ರಾಪ್ ಬಾಕ್ಸಿಗೆ ಹಾಕಿ ಬರುವ ಚೆಕ್ ಅಲ್ಲ ಇದು.

ಸಂಕೋಚ ಬಿಟ್ಟು ಈ ನಾಲ್ಕು ಪ್ರಶ್ನೆ ಕೇಳಿ: ಒಟ್ಟು ಎಷ್ಟು ದಿನ? ನಿಮ್ಮ ಕಮಿಷನ್, ಕೊರಿಯರ್, ಅಲ್ಲಿನ ಬ್ಯಾಂಕಿನ ಖರ್ಚು ಸೇರಿ ಎಷ್ಟಾಗುತ್ತದೆ? ಯಾವ ದಿನದ ದರ ಹಿಡಿಯುತ್ತೀರಿ? ವಾಪಸ್ ಬಂದರೆ ನನಗೆ ಎಷ್ಟು ದಂಡ?

ಖರ್ಚು ಕಳೆದು ಉಳಿಯುವುದೆಷ್ಟು?

ದರಗಳು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಆದರೂ ಅಂದಾಜಿಗೆ ಒಂದು ಲೆಕ್ಕ ಹಾಕೋಣ. ಸುಲಭವಾಗಲೆಂದು ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಳ್ಳಿ. 50 ಡಾಲರಿನ ಚೆಕ್ ಅಂದರೆ 4,500 ರೂಪಾಯಿ. ಬ್ಯಾಂಕಿನ ಕಮಿಷನ್ 500, ಕೊರಿಯರ್ 800, ಅಲ್ಲಿನ ಬ್ಯಾಂಕು ಹಿಡಿದುಕೊಳ್ಳುವ 15 ಡಾಲರು ಅಂದರೆ 1,350 ಎಂದುಕೊಂಡರೆ 2,650 ಅಲ್ಲೇ ಹೋಯಿತು. ಡಾಲರನ್ನು ರೂಪಾಯಿ ಮಾಡುವುದಕ್ಕೆ ಜಿಎಸ್‌ಟಿ ಬೇರೆ, ಅದು ಕನಿಷ್ಠ 45 ರೂಪಾಯಿ. ಕೈಗೆ ಬರುವುದು ಅರ್ಧಕ್ಕಿಂತ ಕಡಿಮೆ! 700 ಡಾಲರಿಗೂ ಖರ್ಚು ಹೆಚ್ಚುಕಡಿಮೆ ಇಷ್ಟೇ, ಆದರೆ 63,000ದಲ್ಲಿ ಅದು ಅಷ್ಟು ಕಾಣುವುದಿಲ್ಲ. ಅಂದರೆ ಮೊಮ್ಮಗನ ಜವಳಕ್ಕೆ, ಹುಟ್ಟುಹಬ್ಬಕ್ಕೆ ಬಂದ ಸಣ್ಣ ಚೆಕ್ಕನ್ನು ಬ್ಯಾಂಕಿಗೆ ಹಾಕುವುದಕ್ಕಿಂತ, ಕಳಿಸಿದವರಿಗೆ ಹೇಳಿ ಬೇರೆ ದಾರಿಯಲ್ಲಿ ತರಿಸಿಕೊಳ್ಳುವುದೇ ಲಾಭ.

ಇನ್ನೊಂದು ಮಾತು. ಟಿವಿಯಲ್ಲಿ ತೋರಿಸುವ ಡಾಲರ್ ದರವೇ ನಿಮಗೆ ಸಿಗುವುದಿಲ್ಲ. ಬ್ಯಾಂಕು ಡಾಲರನ್ನು ನಿಮ್ಮಿಂದ ಕೊಳ್ಳುವ ದರ ಅದಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಹಳೇ ಬಂಗಾರ ಮಾರಲು ಹೋದಾಗ ಅಂಗಡಿಯವರು ಹೇಳುವ ದರದ ಹಾಗೆ.

ಖಾತೆಯಲ್ಲಿ ಕಂಡರೂ ಅದು ಇನ್ನೂ ನಿಮ್ಮದಲ್ಲ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುತ್ತೀರಿ ಎಂದಾದರೆ ಇದನ್ನು ಇಟ್ಟುಕೊಳ್ಳಿ.

ವಿದೇಶಿ ಚೆಕ್ಕಿನ ಹಣ ಎರಡು ರೀತಿಯಲ್ಲಿ ಬರಬಹುದು. ಒಂದು, ಅಲ್ಲಿ ಪೂರ್ತಿ ಪಾಸಾದ ಮೇಲೇ ಖಾತೆಗೆ ಜಮಾ. ಇನ್ನೊಂದು, ತಾತ್ಕಾಲಿಕ ಜಮಾ. ಈ ಎರಡನೆಯದರಲ್ಲಿ ಹಣ ಖಾತೆಯಲ್ಲಿ ಕಾಣಿಸಿದರೂ ಚೆಕ್ ಆಮೇಲೆ ವಾಪಸ್ ಬಂದರೆ ಬ್ಯಾಂಕು ಹೇಳದೇ ಕೇಳದೇ ಹಿಂತೆಗೆದುಕೊಳ್ಳುತ್ತದೆ. ಹಿಂತೆಗೆಯುವಾಗ ಅವತ್ತಿನ ದರ. ಡಾಲರ್ ಏರಿದ್ದರೆ ಬಂದದ್ದಕ್ಕಿಂತ ಹೆಚ್ಚೇ ಹೋಗುತ್ತದೆ, ಮೇಲೆ ದಂಡ. ಅದಕ್ಕೇ ಕೆಲವು ವಾರ ಆ ಹಣ ತೆಗೆಯದಂತೆ ಬ್ಯಾಂಕುಗಳು ತಡೆ ಹಿಡಿಯುವುದೂ ಉಂಟು.

ಔರಾದಿನಲ್ಲಿ ನಮ್ಮ ದೊಡ್ಡಮ್ಮನ ಮನೆ ಪಕ್ಕದ ಹೆಣ್ಣುಮಗಳೊಬ್ಬಳು ಕೌದಿ ಹೊಲಿಯುತ್ತಾಳೆ. ಹಳೇ ಸೀರೆ ತುಂಡುಗಳಿಂದ ಅವಳು ಹೊಲಿದ ಕೌದಿ ನೋಡಿದರೆ ಕಣ್ಣು ಕೀಳಲು ಮನಸ್ಸಾಗದು. ಮೊಬೈಲಿನಲ್ಲಿ ಫೋಟೋ ಹಾಕಿದ್ದನ್ನು ನೋಡಿ ಹೊರದೇಶದವರು ಎಂದು ಹೇಳಿಕೊಂಡ ಒಬ್ಬರು 300 ಡಾಲರಿಗೆ ಎರಡು ಕೌದಿ ಬೇಕೆಂದರು. ಬಂದ ಚೆಕ್ ಮಾತ್ರ 900 ಡಾಲರಿನದು! "ತಪ್ಪಿ ಹೆಚ್ಚು ಬರೆದಿದ್ದೇವೆ, ಉಳಿದದ್ದನ್ನು ಭಾರತದಲ್ಲಿರುವ ನಮ್ಮ ಸಾಗಣೆ ಏಜೆಂಟನಿಗೆ ಕಳಿಸಿಬಿಡಿ" ಎಂದು ಸಂದೇಶ. ಮೂರು ವಾರಕ್ಕೆ ಖಾತೆಯಲ್ಲಿ ಹಣ ಕಾಣಿಸಿತು. ಪಾಪ, ಪ್ರಾಮಾಣಿಕಳು, ಬೇರೆಯವರ ರೊಕ್ಕ ತನಗ್ಯಾಕೆ ಎಂದು ಅವತ್ತೇ ಫೋನಿನಿಂದ 15,000 ರೂಪಾಯಿ ಕಳಿಸಿದಳು. ಉಳಿದದ್ದನ್ನು ಮರುದಿನ ಕಳಿಸುವವಳಿದ್ದಳು. ಸಂಘದ ಸಭೆಯಲ್ಲಿ ಮಾತಿಗೆ ಮಾತು ಬಂದು ವಿಷಯ ಹೇಳಿದಾಗ ಅಲ್ಲಿದ್ದ ಮೇಡಂ ಗಾಬರಿಯಾಗಿ ತಡೆದರು. ಹತ್ತು ದಿನಕ್ಕೆ ಚೆಕ್ ಖೋಟಾ ಎಂದು ವಾಪಸ್ ಬಂತು. ಬ್ಯಾಂಕು ಇಡೀ ಹಣ ಹಿಂತೆಗೆಯಿತು. ಅವಳ ಸ್ವಂತ ಉಳಿತಾಯದ 15,000 ಮಣ್ಣುಪಾಲು, ಮೇಲೆ ವಾಪಸಾತಿಯ ಖರ್ಚು.

"ನಾ ಯಾರ್ ರೊಕ್ಕಾನೂ ತಿಂದಿಲ್ಲ, ನಂದ್ಯಾಕ ಹೋಯ್ತಕ್ಕ?" ಅಂತ ಆಕೆ ಅತ್ತಾಗ ದೊಡ್ಡಮ್ಮನ ಹತ್ತಿರ ಉತ್ತರವಿರಲಿಲ್ಲ.

ಈ ಮೋಸ ಜಗತ್ತಿನಾದ್ಯಂತ ಇದೆ. ಗುರುತು ಬಹಳ ಸುಲಭ: ಗೊತ್ತಿಲ್ಲದವರು, ಬರಬೇಕಾದ್ದಕ್ಕಿಂತ ಹೆಚ್ಚಿನ ಚೆಕ್, ಉಳಿದದ್ದನ್ನು ಬೇಗ ಕಳಿಸಿ ಎಂಬ ಅವಸರ. ಮೂರೂ ಕೂಡಿದರೆ ಚೆಕ್ಕನ್ನು ಮುಟ್ಟಲೇಬೇಡಿ. ಲಾಟರಿ ಹತ್ತಿದೆ, ವಿದೇಶದ ನೆಂಟರ ಆಸ್ತಿ ಬಂದಿದೆ, ಬಿಡಿಸಿಕೊಳ್ಳಲು ಶುಲ್ಕ ಕಟ್ಟಿ ಎನ್ನುವುದೂ ಇದರ ಅಣ್ಣ-ತಮ್ಮನೇ. ರಿಸರ್ವ್ ಬ್ಯಾಂಕು ಯಾರಿಗೂ ಫೋನ್ ಮಾಡಿ, ಇಮೇಲ್ ಕಳಿಸಿ ಇಂಥ ಹಣ ಕೊಡುವುದಿಲ್ಲ. ಹಣ ಕಳಿಸಿಬಿಟ್ಟಿದ್ದರೆ ಮರ್ಯಾದೆಗೆ ಅಂಜಿ ಸುಮ್ಮನಿರಬೇಡಿ. ತಕ್ಷಣ 1930 ಸಂಖ್ಯೆಗೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ಹೇಳಿದರೆ ಅಷ್ಟು ಒಳ್ಳೆಯದು.

"ಚೆಕ್ ಬ್ಯಾಡ, ನೇರ ಖಾತೆಗೇ ಹಾಕು"

ವೈನಿಯ ಕಥೆ ಏನಾಯಿತು? ಅಧಿಕಾರಿ ಕೊಟ್ಟ ಸಲಹೆಯಂತೆ ಅವತ್ತು ರಾತ್ರಿಯೇ ತಮ್ಮನಿಗೆ ಫೋನ್ ಮಾಡಿದರು. ಅವನು ಆ ಚೆಕ್ಕಿಗೆ ಹಣ ಕೊಡಬೇಡಿ ಎಂದು ತನ್ನ ಬ್ಯಾಂಕಿಗೆ ಹೇಳಿ, ಅದೇ ಮೊತ್ತವನ್ನು ನೇರವಾಗಿ ಅಕ್ಕನ ಖಾತೆಗೆ ಕಳಿಸಿದ. ಮೂರನೇ ದಿನ ಮೊಬೈಲಿಗೆ ಸಂದೇಶ ಬಂತು. ಆಗಸ್ಟ್ 10ಕ್ಕೆ ಇನ್ನೂ ದಿನ ಇರುವಾಗಲೇ ಫೀಸು ಕಟ್ಟಿಯಾಯಿತು.

ಹೀಗೆ ತರಿಸಿಕೊಳ್ಳಲು ಕಳಿಸುವವರಿಗೆ ನೀವು ಕೊಡಬೇಕಾದ್ದು ಇಷ್ಟೇ: ಪಾಸ್‌ಬುಕ್ಕಿನಲ್ಲಿ ಇರುವ ಹಾಗೆ ನಿಮ್ಮ ಹೆಸರು, ಖಾತೆ ಸಂಖ್ಯೆ, ಬ್ಯಾಂಕು ಮತ್ತು ಶಾಖೆಯ ಹೆಸರು, ಐಎಫ್‌ಎಸ್‌ಸಿ. ವಿದೇಶದ ಬ್ಯಾಂಕಿನಿಂದಲೇ ಕಳಿಸುವುದಾದರೆ ಸ್ವಿಫ್ಟ್ ಕೋಡ್ ಕೂಡ ಬೇಕು. ಸಣ್ಣ ಶಾಖೆಗೆ ಸ್ವಂತ ಸ್ವಿಫ್ಟ್ ಕೋಡ್ ಇರುವುದಿಲ್ಲ. ಯಾವ ಶಾಖೆಯ ಕೋಡ್ ಬಳಸಬೇಕೆಂದು ಬ್ಯಾಂಕಿನಲ್ಲಿ ಕೇಳಿ ಬರೆಸಿಕೊಳ್ಳಿ.

ಇಲ್ಲಿ ನಮ್ಮ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದ್ದೊಂದಿದೆ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹಳೇ ಪಾಸ್‌ಬುಕ್ಕಿನಲ್ಲಿ ಎಸ್‌ಬಿಎಚ್‌ವೈ ಎಂದು ಶುರುವಾಗುವ ಐಎಫ್‌ಎಸ್‌ಸಿ ಇದ್ದರೆ ಅದು ಈಗ ನಡೆಯುವುದಿಲ್ಲ. ಎಸ್‌ಬಿಐಎನ್ ಎಂದು ಶುರುವಾಗುವ ಹೊಸ ಕೋಡ್ ಬೇಕು. ಹಳೇ ಕೋಡ್ ಕೊಟ್ಟು ಹಣ ಬರಲಿಲ್ಲ ಎಂದು ಕಾಯುತ್ತಾ ಕೂರಬೇಡಿ, ಹೊಸ ಪಾಸ್‌ಬುಕ್ ಮಾಡಿಸಿಕೊಳ್ಳಿ.

ಖಾತೆ ಬೇಡ, ನಗದೇ ಬೇಕು ಎನ್ನುವವರಿಗೆ ಹಣ ರವಾನೆ ಕಂಪನಿಗಳ ಏಜೆಂಟರಿದ್ದಾರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಈ ದಾರಿಯಲ್ಲಿ ಒಂದು ಸಲಕ್ಕೆ 2,500 ಡಾಲರ್‌ವರೆಗೆ, ಒಬ್ಬರಿಗೆ ವರ್ಷಕ್ಕೆ 30 ಸಲ ಮಾತ್ರ. ನಗದಾಗಿ ಕೊಡುವುದು 50,000 ರೂಪಾಯಿವರೆಗೆ, ಅದಕ್ಕೂ ಹೆಚ್ಚಿದ್ದರೆ ಖಾತೆಗೇ. ಗುರುತಿನ ಚೀಟಿ ಮತ್ತು ಕಳಿಸಿದವರು ಹೇಳಿದ ರಹಸ್ಯ ಸಂಖ್ಯೆ ಬೇಕು. ಆ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ.

ನಿಮ್ಮ ಮನಸ್ಸಿನಲ್ಲಿರಬಹುದಾದ ಪ್ರಶ್ನೆಗಳು

*ಮಗ ಅಮೆರಿಕದಲ್ಲಿ ಓದಿ ವಾಪಸ್ ಬಂದಿದ್ದಾನೆ. ಅಲ್ಲಿನ ಕಾಲೇಜಿನಿಂದ ಅವನ ಹೆಸರಿಗೆ ಚೆಕ್ ಬಂದಿದೆ. ಅವನೀಗ ಬೆಂಗಳೂರಿನಲ್ಲಿದ್ದಾನೆ. ನನ್ನ ಖಾತೆಗೆ ಹಾಕಬಹುದೇ?*

ಇಲ್ಲ. ಯಾರ ಹೆಸರಿಗಿದೆಯೋ ಅವರ ಖಾತೆಗೇ ಹೋಗಬೇಕು. ಮಗನ ಅಮೆರಿಕದ ಖಾತೆ ಇನ್ನೂ ಇದ್ದರೆ, ಅಲ್ಲಿನ ಎಷ್ಟೋ ಬ್ಯಾಂಕುಗಳಲ್ಲಿ ಚೆಕ್ಕಿನ ಫೋಟೋ ತೆಗೆದು ಮೊಬೈಲಿನಿಂದಲೇ ಜಮಾ ಮಾಡುವ ಸೌಲಭ್ಯವಿದೆ, ಅದು ಇಲ್ಲಿಂದ ನಡೆಯುತ್ತದೆಯೇ ಎಂದು ಅವನು ಕೇಳಲಿ. ಅದಕ್ಕೇ ಹಿರಿಯರು ಹೇಳುವುದು, ಬರಬೇಕಾದ ಹಣವೆಲ್ಲ ಬರುವವರೆಗೆ ಅಲ್ಲಿನ ಖಾತೆ ಮುಚ್ಚಬೇಡಿ ಅಂತ. ಇನ್ನು ಸರ್ಕಾರದಿಂದ ಬರುವ ತೆರಿಗೆ ವಾಪಸಾತಿಯಂಥ ಹಣವನ್ನು ಕಾಗದದ ಚೆಕ್ ಬಿಟ್ಟು ನೇರ ಖಾತೆಗೇ ಹಾಕಬೇಕೆಂದು ಅಮೆರಿಕದ ಅಧ್ಯಕ್ಷರು 2025ರ ಮಾರ್ಚ್ 25ರಂದು ಆದೇಶ ಹೊರಡಿಸಿದರು. ಅದಕ್ಕೆ ಕೊಟ್ಟ ಗಡುವು ಅದೇ ವರ್ಷದ ಸೆಪ್ಟೆಂಬರ್ 30. ಕೆಲವು ವಿನಾಯಿತಿಗಳಿದ್ದರೂ ಮಕ್ಕಳು ಖಾತೆಯ ವಿವರ ಮೊದಲೇ ಕೊಟ್ಟಿರುವುದು ಒಳ್ಳೆಯದು.

*ಹೊರದೇಶದಿಂದ ಬಂದ ಹಣಕ್ಕೆ ತೆರಿಗೆ ಇದೆಯೇ?*

ಗಂಡ, ಮಗ, ಮಗಳು, ಅಳಿಯ, ಸೊಸೆ, ಅಪ್ಪ-ಅಮ್ಮ, ಅಣ್ಣ-ತಮ್ಮ, ಅಕ್ಕ-ತಂಗಿ, ಮೈದುನ, ನಾದಿನಿ, ಸೋದರಮಾವ, ಚಿಕ್ಕಪ್ಪ, ಅತ್ತೆ ಇವರು ಉಡುಗೊರೆಯಾಗಿ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ, ಎಷ್ಟೇ ಇರಲಿ. ಆದರೆ ಒಂದು ವಿಚಿತ್ರ ನೋಡಿ: ಅಣ್ಣನ ಮಗ, ಅಕ್ಕನ ಮಗ ಕೊಟ್ಟರೆ ಕಾನೂನಿನ ಲೆಕ್ಕದಲ್ಲಿ ಅವರು ಈ ಪಟ್ಟಿಯಲ್ಲಿ ಬರುವುದಿಲ್ಲ! ನೀವೇ ಎತ್ತಿ ಆಡಿಸಿದ ಅಳಿಯನಾದರೂ ಅಷ್ಟೇ. ಇಂಥವರಿಂದ, ಗೆಳತಿಯರಿಂದ ವರ್ಷದಲ್ಲಿ ಒಟ್ಟು 50,000 ರೂಪಾಯಿ ದಾಟಿದರೆ ಇಡೀ ಮೊತ್ತ ನಿಮ್ಮ ಆದಾಯಕ್ಕೆ ಸೇರುತ್ತದೆ. ನಿಮ್ಮ ಸ್ವಂತ ಮದುವೆಯಲ್ಲಿ ಬಂದ ಉಡುಗೊರೆಗೆ ಮಾತ್ರ ವಿನಾಯಿತಿ. ಕೌದಿ, ಬಿದರಿ ಸಾಮಾನು ಮಾರಿ ಬಂದದ್ದು ಉಡುಗೊರೆ ಅಲ್ಲ, ಗಳಿಕೆ. ಬ್ಯಾಂಕಿನಲ್ಲಿ ಹಾಗೇ ಬರೆಸಿ. ಕಳಿಸಿದವರ ಒಂದು ಸಾಲಿನ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡರೆ ಮುಂದೆ ಯಾರಾದರೂ ಕೇಳಿದಾಗ ಉಪಯೋಗಕ್ಕೆ ಬರುತ್ತದೆ.

*ನಮ್ಮ ಮಹಿಳಾ ಮಂಡಳದ ಹೆಸರಿಗೆ ವಿದೇಶದವರೊಬ್ಬರು ದೇಣಿಗೆ ಚೆಕ್ ಕಳಿಸಿದ್ದಾರೆ. ಹಾಕಬಹುದೇ?*

ಅವಸರ ಮಾಡಬೇಡಿ. ಸಂಘ, ಸಂಸ್ಥೆ, ದೇವಸ್ಥಾನಗಳು ವಿದೇಶಿ ದೇಣಿಗೆ ಪಡೆಯಲು ಕೇಂದ್ರ ಸರ್ಕಾರದ ನೋಂದಣಿ ಇಲ್ಲವೇ ಅನುಮತಿ ಬೇಕು, ಅದಕ್ಕೆ ದೆಹಲಿಯಲ್ಲಿ ಪ್ರತ್ಯೇಕ ಖಾತೆಯೂ ಬೇಕು. ಇಲ್ಲದೆ ಹಾಕಿದರೆ ಕಾನೂನಿನ ತೊಡಕು. ಅಧ್ಯಕ್ಷರ ಸ್ವಂತ ಖಾತೆಗೆ ಹಾಕಿಕೊಳ್ಳೋಣ ಎನ್ನುವುದಂತೂ ಬೇಡವೇ ಬೇಡ.

*ಮಗಳು ಊರಿಗೆ ಬಂದಾಗ ಕೈಗೆ ಡಾಲರ್ ನೋಟು ಕೊಟ್ಟು ಹೋಗಿದ್ದಾಳೆ. ಮನೆಯಲ್ಲಿ ಇಟ್ಟುಕೊಳ್ಳಬಹುದೇ?*

ನೋಟಾದರೆ 2,000 ಡಾಲರ್ ಬೆಲೆಯವರೆಗೆ ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಬದಲಾಯಿಸುವಾಗ ಪರವಾನಗಿ ಇರುವ ಕಡೆಯೇ ಬದಲಾಯಿಸಿ, ರಸೀದಿ ಪಡೆಯಿರಿ. "ನಾನ್ ಹೆಚ್ಚಿಗಿ ಕೊಡ್ತೀನಿ" ಎನ್ನುವ ಗಲ್ಲಿಯ ಅಂಗಡಿ ಬೇಡ.

*ಚೆಕ್ ಕೊಟ್ಟು ಮೂರು ತಿಂಗಳಾಯಿತು. ಬ್ಯಾಂಕಿನಲ್ಲಿ "ನೋಡೋಣ" ಎನ್ನುತ್ತಾರೆ. ಏನು ಮಾಡಲಿ?*

ರಸೀದಿ ಹಿಡಿದು ಬರವಣಿಗೆಯಲ್ಲಿ ದೂರು ಕೊಡಿ, ದೂರಿನ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ದುಡ್ಡು ಖರ್ಚಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

ನೆನಪಿರಲಿ

* ಚೆಕ್ ಬಂದ ಕೂಡಲೇ ತಾರೀಖು, ಹೆಸರು, ಮೊತ್ತ ನೋಡಿ, ಎರಡೂ ಕಡೆ ಫೋಟೋ ತೆಗೆದಿಡಿ.
* ಹಾಕುವ ಮೊದಲು ಖರ್ಚು ಕೇಳಿ. ಸಣ್ಣ ಮೊತ್ತಕ್ಕೆ ಚೆಕ್ ಲಾಭವಲ್ಲ.
* ಫೀಸು, ಆಸ್ಪತ್ರೆ, ಮದುವೆಯಂಥ ತಾರೀಖು ಗೊತ್ತಾದ ಖರ್ಚಿಗೆ ವಿದೇಶಿ ಚೆಕ್ಕನ್ನು ನಂಬಿ ಕೂರಬೇಡಿ.
* "ಪೂರ್ತಿ ಪಾಸಾಗಿದೆಯಾ, ಇನ್ನು ವಾಪಸ್ ಹೋಗೋದಿಲ್ಲವಾ?" ಎಂದು ಬ್ಯಾಂಕಿನಲ್ಲಿ ಕೇಳಿ ತಿಳಿಯುವವರೆಗೆ ಆ ಹಣ ಮುಟ್ಟಬೇಡಿ, ಅದರ ಭರವಸೆಯ ಮೇಲೆ ಸಾಲವನ್ನೂ ಮಾಡಬೇಡಿ.
* ಬಂದ ಚೆಕ್ಕಿನಿಂದ ಯಾರಾದರೂ ಹಣ ವಾಪಸ್ ಕೇಳಿದರೆ ಅದು ಮೋಸ.
* ಪಾಸ್‌ಬುಕ್, ಆಧಾರ್, ಪ್ಯಾನ್ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಇಲ್ಲದಿದ್ದರೆ ಪುರುಸೊತ್ತಾದಾಗ ಈಗಲೇ ಸರಿ ಮಾಡಿಸಿ.

ಮೊನ್ನೆ ವೈನಿ ಮನೆಗೆ ಹೋದಾಗ ಆ ಹಳೇ ಚೆಕ್ ಕಣ್ಣಿಗೆ ಬಿತ್ತು. ಮೇಲೆ ಎರಡು ಗೀಟು ಎಳೆದು ಕ್ಯಾನ್ಸಲ್ ಎಂದು ಬರೆದು, ತಮ್ಮನ ಪತ್ರದ ಜೊತೆ ಕಪಾಟಿನಲ್ಲಿ ಇಟ್ಟಿದ್ದಾರೆ. "ಯಾಕ್ ವೈನಿ, ಇನ್ನೂ ಇಟ್ಟೀರಿ?" ಅಂತ ಕೇಳಿದೆ.

"ಇರ್ಲಿ ಬಿಡು. ರೊಕ್ಕ ಆಗ್ಲಿಲ್ಲ, ಆದ್ರ ಅವನ್ ಕೈಬರಹ ಅದ ಅಲ್ಲಾ" ಅಂದರು. ಮಗಳು ಪಕ್ಕದಲ್ಲೇ ಕೂತು ಎರಡನೇ ವರ್ಷದ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದಳು. ಈ ವರ್ಷದ ಫೀಸಿನ ಮಾತು ತೆಗೆದದ್ದೇ ವೈನಿ ನಕ್ಕರು: "ಮಾಮಾಗ ಖಾತಿ ನಂಬರ್ ಹೋದ್ ತಿಂಗಳೇ ಕಳಿಸೀನಿ!"